ನೆರೆ, ಹೊರೆ

ಮಿಸಸ್ ಫ್ರೀಸನ್ ಫೈಲು ತೆರೆದರು:
ಶಾಲೆಗೆ ಹತ್ತಕ್ಕೆ ಎಂಟು,
ಉದ್ಯಾನಕ್ಕೆ ನಾಲ್ಕು ನಿಮಿಷ, ಅದೂ ಮಗುವಿನ ನಡಿಗೆಯಲ್ಲಿ,
ಕುದುರೆಲಾಳದ ಹಾಗೆ ಬಾಗಿದ ಬೀದಿ,
ಕೆಲಸವಿಲ್ಲದ ಕಾರು ಇತ್ತ ಸುಳಿಯುವುದಿಲ್ಲ.
‘ಸಂಸಾರವಂದಿಗರ ಬಡಾವಣೆ’ ಅಂದರು,
ಆ ಮಾತಿಗೇ ಬೇರೆ ದರ ಇದ್ದ ಹಾಗೆ.

ರೊವೀನಾ ಪಟ್ಟಿ ಮಾಡಿಕೊಂಡಳು. ಅವಳು ದಾದಿ;
ಪಟ್ಟಿಯಿಲ್ಲದೆ ಯಾರ ನಾಡಿಯನ್ನೂ ಹಿಡಿಯುವವಳಲ್ಲ.
ನಾನು ಬಸ್ಸು ಓಡಿಸುವವನು, ಹದಿನಾರು ವರ್ಷ.
ವಿನಿಪೆಗ್ಗಿನ ಬಡಾವಣೆಗಳನ್ನು
ಇಳಿದು ಹೋಗುವವರ ಬೆನ್ನಿನಿಂದ ಬಲ್ಲೆ:
ಎಲ್ಲಿ ಥ್ಯಾಂಕ್ಸ್ ಎನ್ನುತ್ತಾರೆ, ಎಲ್ಲಿ ಇಲ್ಲ,
ಎಲ್ಲಿ ಏದುಸಿರಲ್ಲಿ ಓಡಿ ಬರುವ ಮುದುಕನಿಗಾಗಿ
ಇನ್ನೊಬ್ಬರು ಬಾಗಿಲಿಗೆ ಕಾಲು ಕೊಟ್ಟು ನಿಲ್ಲುತ್ತಾರೆ.
ಇದಕ್ಕೆ ಹತ್ತಕ್ಕೆಷ್ಟು ಎಂದು ಯಾವ ಫೈಲಿನಲ್ಲೂ ಇಲ್ಲ.

ಜನವರಿಯ ಒಂದು ಸಂಜೆ, ಪಾಳಿ ಮುಗಿದ ಮೇಲೆ,
ಸೊನ್ನೆಗಿಂತ ಇಪ್ಪತ್ತೆಂಟು ಕೆಳಗೆ,
ಆ ಬೀದಿಯಲ್ಲಿ ಕಾರು ನಿಲ್ಲಿಸಿ ಕುಳಿತೆ,
ಹೆಣ್ಣು ನೋಡಲು ಬಂದವನು ಹಿತ್ತಲಿಗೆ ಇಣುಕಿದ ಹಾಗೆ.
ಯಾರು ಎಲ್ಲಿಯವರೆಗೆ ಹಿಮ ಎತ್ತಿದ್ದಾರೆ,
ಅಷ್ಟೇ ನೋಡುವುದಿತ್ತು.
ಒಂದು ಮನೆ ತನ್ನ ಗಡಿಗೆ ಸರಿಯಾಗಿ
ಚಾಕುವಿನಲ್ಲಿ ಬೆಣ್ಣೆ ಕೊಯ್ದಂತೆ ನಿಲ್ಲಿಸಿತ್ತು.
ಇನ್ನೊಂದು ಎತ್ತಿರಲೇ ಇಲ್ಲ.
ಹದಿನಾಲ್ಕನೇ ನಂಬರಿನಿಂದ ಹೊರಟ ಸಲಿಕೆಯ ಜಾಡು ಮಾತ್ರ
ಪಕ್ಕದ ಖಾಲಿ ಮನೆಯ,
ನಾವು ಕೊಳ್ಳಲಿದ್ದ ಮನೆಯ
ಮೆಟ್ಟಿಲವರೆಗೆ ಹೋಗಿ ನಿಂತಿತ್ತು.

ಕಿಟಕಿಗೆ ಟಕಟಕ.
ಕಿವಿಯವರೆಗೆ ಉಣ್ಣೆ ಸುತ್ತಿಕೊಂಡ ಮುದುಕಿ,
ಕೈಯಲ್ಲಿ ಅದೇ ಸಲಿಕೆ.
“ಮುಕ್ಕಾಲು ಗಂಟೆಯಿಂದ ನೋಡುತ್ತಿದ್ದೇನೆ, ಯಾರು ನೀನು?”
ಹೇಳಿದೆ. ಆಕೆ ನನ್ನನ್ನು ನಂಬಲಿಲ್ಲ,
ಹಿಂದಿನ ಸೀಟಿನ ಮಗುವಿನ ಕುರ್ಚಿಯನ್ನು ನಂಬಿದಳು.
“ಓಹೋ, ಆ ಮನೆಯೋ. ನೆಲಮಾಳಿಗೆಯ ಕತೆ ಕೇಳಿದೆಯಾ?”

ಕೇಳಿರಲಿಲ್ಲ. ಹೊಸ ಬಣ್ಣ ನೋಡಿ ಹೊಗಳಿದ್ದೆ.

ಗಿಸ್ಲೆನ್ ಆಕೆಯ ಹೆಸರು.
ಏಪ್ರಿಲ್ಲಿನಲ್ಲಿ ಕೆಂಪು ನದಿ ಏರಿದಾಗ
“ಇಲ್ಲಿಯವರೆಗೆ” ಎಂದು
ಸಲಿಕೆಯ ಹಿಡಿಯಿಂದ ಎದೆ ಮುಟ್ಟಿಕೊಂಡಳು. “ಎರಡು ಸಲ.”
ಮರಳಿನ ಚೀಲ ಹೊತ್ತವರ ಹೆಸರು ಹೇಳಿದಳು
ಸತ್ತವರದು, ಊರು ಬಿಟ್ಟವರದು,
ಹನ್ನೊಂದು ವರ್ಷದಿಂದ ಅಣ್ಣನೊಡನೆ ಮಾತಿಲ್ಲದೆ
ಆ ರಾತ್ರಿ ಅವನ ಬಾಗಿಲಿಗೆ ನಲವತ್ತು ಚೀಲ ಹೊತ್ತು
ಮತ್ತೆ ಮಾತಿಲ್ಲದೆ ಹೋದವನದು.
ನೆರೆ ಬಂತು, ಇಳಿಯಿತು.
ಹೊರೆ ಹೊತ್ತ ನೆರೆ ಉಳಿಯಿತು.
“ಕೊಳ್ಳಬೇಡ,” ಅಂದಳು.
“ಒಳಗೆ ಬಾ, ಮೂಗು ನೀಲಿಯಾಗಿದೆ.”

ರೊವೀನಾ ಪೂರ್ತಿ ಕೇಳಿ
ಪಟ್ಟಿಯಲ್ಲಿ ಮನೆಯನ್ನು ಹೊಡೆದು ಹಾಕಿದಳು,
ಬೀದಿಯನ್ನು ಹಾಗೇ ಬಿಟ್ಟಳು.
ಮಿಸಸ್ ಫ್ರೀಸನ್ ಫೋನಿನಲ್ಲಿ ಸುಮ್ಮನಾದರು,
ಕಮಿಷನ್ ಜಾರಿದ ಸದ್ದು ಕೇಳುವಷ್ಟು.
ಅತ್ತವಳು ಮಗಳೊಬ್ಬಳೇ:
ಮಹಡಿಯ ಕೋಣೆಗೆ ಅವಳು
ಬದನೆಕಾಯಿ ಬಣ್ಣ ಆರಿಸಿ ಆಗಿತ್ತು.
ಮನೆ ಕಟ್ಟಿ ನೋಡು ಅಂದವರು
ಕೊಳ್ಳದೆ ನೋಡು ಅನ್ನಲಿಲ್ಲ.

ಹದಿನಾಲ್ಕು ತಿಂಗಳಾಯಿತು,
ಆರನೇ ಅಂತಸ್ತಿನ ಬಾಡಿಗೆ ಗೂಡಿನಲ್ಲೇ ಇದ್ದೇವೆ.
ಭಾನುವಾರ ಗಿಸ್ಲೆನ್ ಫೋನು:
ಹತ್ತನೇ ನಂಬರಿನ ಓಲಾಫ್‌ಸನ್ ಮಗಳ ಊರಿಗೆ ಹೋಗುತ್ತಾನಂತೆ,
ಇನ್ನೂ ಬಾಯಿಬಿಟ್ಟಿಲ್ಲ, ನೀನೂ ಬಿಡಬೇಡ,
ಅಲ್ಲಿ ನೆಲ ಎತ್ತರ, ನೀರು ಬಂದರೂ ಮೊಣಕಾಲು.

ಕಳೆದ ವಾರ ಆಕೆಗೆ ಸೊಂಟ ಹಿಡಿದಿತ್ತು.
ಪಾಳಿಗೆ ಮುಂಚೆ, ಕತ್ತಲಲ್ಲೇ ಹೋಗಿ
ಹದಿನಾಲ್ಕರ ಮುಂದೆ ಹಿಮ ಎತ್ತಿದೆ.
ಎತ್ತುತ್ತ ಎತ್ತುತ್ತ ಗಡಿ ಎಲ್ಲೆಂದು ತಿಳಿಯದೆ
(ತಿಳಿದೇ ಇರಬಹುದು, ನನ್ನನ್ನು ನಾನು ಪೂರ್ತಿ ನಂಬುವುದಿಲ್ಲ)
ಓಲಾಫ್‌ಸನ್ ಬಾಗಿಲವರೆಗೂ ಹೋಗಿಬಿಟ್ಟಿದ್ದೆ.
ಒಳಗೆ ದೀಪ ಹತ್ತಿತು.
ಅವನು ಪರದೆ ಸರಿಸಿ
ಬಹಳ ಹೊತ್ತು ನನ್ನನ್ನೇ ನೋಡಿದ.